ನಮ್ಮ ಕಡೆಯ ಅಡ್ಡಹೆಸರುಗಳು

ಕೂಸು ಹುಟ್ಟಿದ ಕೆಲವು ದಿನಗಳಲ್ಲಿ ಅದನ್ನು ತೊಟ್ಟಿಲಿಗೆ ಹಾಕಿ, ಸೋದರತ್ತೆಯಿಂದ ಕಿವಿಯಲ್ಲಿ ಹೆಸರು ಹೇಳಿಸುವದು ನಮ್ಮ ಕಡೆಯ ಪದ್ಧತಿ. ಆ ಹೆಸರು ತೀರಿಹೋದ ಅಜ್ಜನದಾಗಿರಬಹುದು, ಹರಕೆ ಹೊತ್ತ ದೇವರದಾಗಿರಬಹುದು, ಈಚೆಗೆ ಚಲಚ್ಚಿತ್ರದ ನಾಯಕನದೂ ಆಗಿರಬಹುದು. ಏನೇ ಇರಲಿ, ಅದನ್ನು ಆರಿಸಿದವರು ಯಾರು, ಏಕೆ ಆರಿಸಿದರು ಎಂಬುದು ಮನೆಯ ಮಂದಿಗೆ ಗೊತ್ತಿರುತ್ತದೆ. ಆದರೆ ಆ ಹೆಸರಿನ ಬೆನ್ನಿಗೆ ಬಂದು ನಿಲ್ಲುವ ಅಡ್ಡಹೆಸರನ್ನು ಯಾವ ತೊಟ್ಟಿಲಲ್ಲಿಯೂ ಇಡುವದಿಲ್ಲ. ಅದಕ್ಕೆ ಸೋದರತ್ತೆಯಿಲ್ಲ, ಗುಗ್ಗರಿ ಹಂಚುವದಿಲ್ಲ. ಆದರೂ ಶಾಲೆಯ ದಾಖಲೆಯಿಂದ ಹಿಡಿದು ಹೊಲದ ಉತಾರೆಯವರೆಗೆ, ಲಗ್ನಪತ್ರಿಕೆಯಿಂದ ಹಿಡಿದು ಮತದಾರರ ಯಾದಿಯವರೆಗೆ ಅದು ನಮ್ಮನ್ನು ಬಿಡದೆ ಹಿಂಬಾಲಿಸುತ್ತದೆ. ಇಂಥ ಅಡ್ಡಹೆಸರು ನಮ್ಮ ಸೀಮೆಯಲ್ಲಿ ಹೇಗೆ ಹುಟ್ಟಿತು, ಯಾವಾಗ ಗಟ್ಟಿಯಾಯಿತು, ಅದರಿಂದ ಏನನ್ನು ತಿಳಿಯಬಹುದು, ಏನನ್ನು ತಿಳಿಯಲಾಗದು ಎಂಬುದನ್ನು ನನ್ನ ಸಹಪಾಠಿ ಮಿತ್ರರ ಹಾಗೂ ಗುರುಗಳ ಮುಂದೆ ಇಡುವದೇ ಈ ಲೇಖನದ ಉದ್ದೇಶ.

ಇದಕ್ಕೊಂದು ಕಾರಣವೂ ಉಂಟು. ಪದವಿಯ ಕೊನೆಯ ವರ್ಷದಲ್ಲಿರುವ ನಾವು, ಪ್ರಮಾಣಪತ್ರದಲ್ಲಿ ಅಚ್ಚಾಗಬೇಕಾದ ಹೆಸರನ್ನು ಈ ವರ್ಷ ಖಚಿತವಾಗಿ ಬರೆದುಕೊಡಬೇಕಾಗಿದೆ. ಆಗ ನಮ್ಮ ವರ್ಗದಲ್ಲಿ ಒಂದು ಚರ್ಚೆ ಎದ್ದಿತು. ಕಸುಬನ್ನೋ ಊರ ಚಾಕರಿಯನ್ನೋ ಸಾರಿ ಹೇಳುವ ಅಡ್ಡಹೆಸರುಳ್ಳ ಕೆಲವರು, ಅದನ್ನು ಬಿಟ್ಟು ಊರ ಹೆಸರನ್ನು ಇಟ್ಟುಕೊಳ್ಳುವದು ಒಳ್ಳೆಯದಲ್ಲವೆ ಎಂದರು. ನನ್ನ ಅಡ್ಡಹೆಸರು ವಾಲಿಕಾರ; ಊರು ಚೊಳಚಗುಡ್ಡ. 'ನೀನೂ ಚೊಳಚಗುಡ್ಡ ಎಂದು ಬರೆಸಿಬಿಡು, ಕೇಳಲಿಕ್ಕೂ ಛಲೋ ಇದೆ' ಎಂದು ಗೆಳೆಯನೊಬ್ಬ ಸಲಹೆ ಕೊಟ್ಟನು. ಬಿಡುವದೋ ಇಟ್ಟುಕೊಳ್ಳುವದೋ ಎಂದು ನಿರ್ಧರಿಸುವ ಮೊದಲು ಆ ವಸ್ತು ಏನೆಂಬುದನ್ನಾದರೂ ತಿಳಿಯಬೇಕಲ್ಲವೆ?

ಬಿದ್ದುಹೋದ ಒಂದು ಶಬ್ದ

ನಮ್ಮ ಅಡ್ಡಹೆಸರುಗಳ ರಚನೆಯನ್ನು ಮೊದಲು ನೋಡೋಣ. ಬೆಲ್ಲದ, ಗಡ್ಡದ, ಮಠದ, ಗೌಡರ, ಸಂಗಪ್ಪನವರ - ಇವುಗಳ ಕೊನೆಗೆ ಇರುವದು ಷಷ್ಠೀ ವಿಭಕ್ತಿ. ಷಷ್ಠಿಯಾದ ಮೇಲೆ ಮುಂದೆ ಒಂದು ನಾಮಪದ ಬರಲೇಬೇಕು. ಬೆಲ್ಲದ ಏನು? ಗೌಡರ ಯಾವುದು? ಹಳ್ಳಿಯ ಮಾತನ್ನು ಕೇಳಿದರೆ ಉತ್ತರ ಸಿಕ್ಕುತ್ತದೆ. ಅಪರಿಚಿತ ಹುಡುಗನೊಬ್ಬ ಓಣಿಯಲ್ಲಿ ಕಂಡರೆ ಹಿರಿಯರು 'ಯಾರ ಪೈಕಿಯಪಾ ನೀನು?' ಎಂದು ಕೇಳುತ್ತಾರೆ. ಅವನು 'ಬೆಲ್ಲದ ಮನಿಯವರ ಪೈಕಿರಿ' ಎನ್ನುತ್ತಾನೆ. ಬೆಲ್ಲದ ಮನಿಯ ಬಸಪ್ಪ, ಗೌಡರ ಮನಿಯ ಶಂಕರಪ್ಪ ಎಂಬುವೇ ಮೂಲದ ಮಾತುಗಳು. ಬರೆಯುವವರ ಕೈಯಲ್ಲಿ 'ಮನಿ' ಎಂಬುದು ಬಿದ್ದುಹೋಗಿ, ಹಿಂದಿದ್ದುದು ಮುಂದಾಗಿ, ಬಸಪ್ಪ ಬೆಲ್ಲದ, ಶಂಕರಪ್ಪ ಗೌಡರ ಎಂದಾಯಿತು. ಹೊಸಮನಿ, ದೊಡ್ಡಮನಿ, ಕಟ್ಟಿಮನಿ ಮುಂತಾದ ಹೆಸರುಗಳಲ್ಲಿ ಆ 'ಮನಿ' ಇನ್ನೂ ಉಳಿದುಕೊಂಡಿದೆ. ಅಂದಮೇಲೆ ಅಡ್ಡಹೆಸರೆಂಬುದು ಮೂಲತಃ ಮನುಷ್ಯನ ಹೆಸರಲ್ಲ, ಮನೆಯ ಗುರುತು. ಊರಿನವರು ಒಬ್ಬರನ್ನೊಬ್ಬರು ಬೇರೆಯಾಗಿ ಗುರುತಿಸಲು ಇಟ್ಟುಕೊಂಡ ಅನುಕೂಲ. ಒಂದೇ ಊರಿನಲ್ಲಿ ಹತ್ತು ಜನ ಬಸಪ್ಪ, ಹತ್ತು ಜನ ಹನಮಂತ ಇದ್ದರೆ ಬೇರೆ ಉಪಾಯವೇನು?

ಬಾದಾಮಿಗೆ ಬಂದ ಸ್ಕಾಟ್ಲಂಡದ ಹೆಸರು

ಇದು ನಮ್ಮಲ್ಲಿ ಮಾತ್ರ ನಡೆದ ಸಂಗತಿಯಲ್ಲ. ದೂರದ ಸ್ಕಾಟ್ಲಂಡದಲ್ಲಿಯೂ ಹೀಗೆಯೇ ನಡೆಯಿತು. ಸ್ಕಾಟ್ಲಂಡವನ್ನೇ ಏಕೆ ಹೆಸರಿಸುತ್ತೇನೆಂದರೆ, ಅಲ್ಲಿಯ ಒಂದು ಹಳೆಯ ಮನೆತನದ ಹೆಸರು ನಮ್ಮ ಬಾದಾಮಿಯ ಚರಿತ್ರೆಯಲ್ಲಿಯೇ ಸೇರಿಕೊಂಡಿದೆ. ೧೮೧೮ರಲ್ಲಿ ಪೇಶವೆಯರ ಕೈಯಿಂದ ಬಾದಾಮಿಯ ಕೋಟೆಯನ್ನು ಗೆದ್ದುಕೊಂಡ ಇಂಗ್ಲಿಷ್ ಸೇನಾಪತಿ ಥಾಮಸ್ ಮನ್ರೋ. ಆತನು ೧೭೬೧ರಲ್ಲಿ ಗ್ಲಾಸ್ಗೋ ನಗರದಲ್ಲಿ ಹುಟ್ಟಿದವನು. ಮನ್ರೋ ಎಂಬುದು ಸ್ಕಾಟ್ಲಂಡದ ಉತ್ತರದ ಗುಡ್ಡಸೀಮೆಯ ಒಂದು 'ಕ್ಲಾನ್' ಹೆಸರು. ಅವರ ಪೂರ್ವಿಕರು ಅಯರ್ಲಂಡದ ರೋ ಎಂಬ ನದಿಯ ದಂಡೆಯಿಂದ ಬಂದವರೆಂದೂ, ಅದರಿಂದಲೇ ಆ ಹೆಸರಾಯಿತೆಂದೂ ಅವರಲ್ಲಿ ಹೇಳಿಕೆಯಿದೆ. ಮಲಪ್ರಭೆಯ ದಂಡೆಯ ಊರೊಂದನ್ನು ಬಿಟ್ಟು ಹೋದವರಿಗೆ ಆ ಊರ ಹೆಸರು ಅಂಟಿಕೊಂಡಂತೆಯೇ ಇದು. ಮನ್ರೋ ಆಳಿದ ಬಳ್ಳಾರಿ, ಅನಂತಪುರ, ಕಡಪ ಸೀಮೆಗಳಲ್ಲಿ ಜನರು ತಮ್ಮ ಮಕ್ಕಳಿಗೆ 'ಮನ್ರೋಲಪ್ಪ' ಎಂದು ಹೆಸರಿಟ್ಟುದುಂಟು. ಪರದೇಶದ ಅಡ್ಡಹೆಸರು ನಮ್ಮ ತೊಟ್ಟಿಲ ಹೆಸರಾದ ಅಪರೂಪದ ಉದಾಹರಣೆಯಿದು!

'ಕ್ಲಾನ್' ಎಂಬ ಮಾತಿಗೆ ಅಲ್ಲಿಯ ಗೇಲಿಕ್ ಭಾಷೆಯಲ್ಲಿ ಮಕ್ಕಳು ಎಂದರ್ಥ. ಒಬ್ಬ ಮೂಲಪುರುಷನ ಮಕ್ಕಳೆಂದು ತಿಳಿದುಕೊಂಡು ಒಬ್ಬ ನಾಯಕನ ಕೈಕೆಳಗೆ ಬಾಳುವ ಬಳಗವೇ ಕ್ಲಾನ್. ಅವರ ಹೆಸರುಗಳ ಮುಂದೆ ಬರುವ 'ಮ್ಯಾಕ್' ಎಂದರೆ ಮಗ. ಮ್ಯಾಕ್‌ಡೊನಾಲ್ಡ್ ಎಂದರೆ ಡೊನಾಲ್ಡನ ಮಗ. ನಮ್ಮ ಸಂಗಪ್ಪನವರ, ಭೀಮಪ್ಪನವರ, ಯಲ್ಲಪ್ಪನವರ ಎಂಬ ಹೆಸರುಗಳಲ್ಲಿಯ 'ನವರ' ಮಾಡುವ ಕೆಲಸವೂ ಅದೇ. ಅಲ್ಲಿ ಗುರುತು ಮುಂದೆ ಬರುತ್ತದೆ, ಇಲ್ಲಿ ಹಿಂದೆ ಬರುತ್ತದೆ, ಅಷ್ಟೇ ಭೇದ. ಆದರೆ ಒಂದು ಎಚ್ಚರಿಕೆ ಅವಶ್ಯ. ಒಂದೇ ಕ್ಲಾನ್ ಹೆಸರಿನವರೆಲ್ಲ ಒಂದೇ ರಕ್ತದವರಲ್ಲ. ನಾಯಕನ ಭೂಮಿಯನ್ನು ಉತ್ತವರು, ಅವನ ಆಶ್ರಯ ಬೇಡಿ ಬಂದವರು ಸಹ ಅವನ ಹೆಸರನ್ನೇ ಇಟ್ಟುಕೊಂಡರು. ಹೆಸರು ಒಂದಾದ ಮಾತ್ರಕ್ಕೆ ವಂಶ ಒಂದೆನ್ನಲಾಗದು ಎಂಬ ಈ ಮಾತನ್ನು ಮುಂದೆ ನಮ್ಮವರಿಗೂ ಅನ್ವಯಿಸಿ ನೋಡುವದಿದೆ.

ನಾಲ್ಕು ಬಗೆಗಳು

ನಮ್ಮ ಕಡೆಯ ಅಡ್ಡಹೆಸರುಗಳನ್ನು, ಹಿರಿಯರ ಹೆಸರಿನಿಂದ ಬಂದ ಈ 'ನವರ'ಗಳನ್ನು ಬಿಟ್ಟರೆ, ಮುಖ್ಯವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಊರಿನ ಹೆಸರು. ಬಾದಾಮಿ, ಕೆರೂರ, ಹುನಗುಂದ, ಪಟ್ಟದಕಲ್ಲ, ಮೆಣಸಗಿ, ಚೊಳಚಗುಡ್ಡ ಇವೆಲ್ಲ ಅಡ್ಡಹೆಸರುಗಳೂ ಹೌದು. ಇಲ್ಲಿ ಒಂದು ಸೋಜಿಗವಿದೆ. ಚೊಳಚಗುಡ್ಡದಲ್ಲಿಯೇ ಇರುವವನನ್ನು ಯಾರೂ ಚೊಳಚಗುಡ್ಡ ಎಂದು ಕರೆಯುವದಿಲ್ಲ. ಎಲ್ಲರೂ ಅದೇ ಊರಿನವರಾಗಿರುವಾಗ ಆ ಗುರುತಿನಿಂದ ಏನು ಪ್ರಯೋಜನ? ಅವನು ನೇಕಾರಿಕೆಗೆಂದು ಗುಳೇದಗುಡ್ಡಕ್ಕೋ ಇಳಕಲ್ಲಿಗೋ ಹೋಗಿ ನೆಲೆಸಿದಾಗ ಅಲ್ಲಿಯವರು 'ಚೊಳಚಗುಡ್ಡದವನು' ಎಂದು ಗುರುತು ಹಿಡಿಯುತ್ತಾರೆ. ಊರ ಹೆಸರಿನ ಅಡ್ಡಹೆಸರು ಊರಿನಲ್ಲಿ ಹುಟ್ಟುವದಿಲ್ಲ, ಊರು ಬಿಟ್ಟಲ್ಲಿ ಹುಟ್ಟುತ್ತದೆ. ಅದು ಇರುವ ಸ್ಥಳವನ್ನಲ್ಲ, ಬಿಟ್ಟುಬಂದ ಸ್ಥಳವನ್ನು ಹೇಳುತ್ತದೆ. ೧೯೧೨ರಲ್ಲಿ ಬಂಕೀಪುರದ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿದ್ದ ರಘುನಾಥ ನರಸಿಂಹ ಮುಧೋಳಕರರು ವಕೀಲಿ ನಡೆಸಿದ್ದು ದೂರದ ಅಮರಾವತಿಯಲ್ಲಿ. ಆದರೆ ನಮ್ಮ ಮುಧೋಳದ ಹೆಸರು, ಮರಾಠಿಯ 'ಕರ' ಪ್ರತ್ಯಯ ಹಚ್ಚಿಕೊಂಡು, ಅವರ ಜೊತೆಗೆ ಅಲ್ಲಿಯವರೆಗೆ ಹೋಗಿತ್ತು. ಸ್ಕಾಟ್ಲಂಡದ ವೀರ ವಾಲೇಸನ ಅಡ್ಡಹೆಸರಿನ ಅರ್ಥವೂ 'ಹೊರಗಿನವನು, ವೇಲ್ಸ್ ಕಡೆಯವನು' ಎಂದೇ ಆಗಿದೆ.

ಎರಡನೆಯದು ಅಧಿಕಾರದ ಹೆಸರು. ಪಾಟೀಲ, ಗೌಡರ, ನಾಡಗೌಡ, ದೇಸಾಯಿ, ದೇಶಪಾಂಡೆ, ಕುಲಕರ್ಣಿ, ಶಾನಭಾಗ, ತಳವಾರ, ವಾಲಿಕಾರ, ಜಮಾದಾರ ಇವು ಈ ಬಗೆಯವು. ಇವುಗಳಲ್ಲಿ ಮೇಲಿನ ಹುದ್ದೆಯೂ ಇದೆ, ಕೆಳಗಿನ ಚಾಕರಿಯೂ ಇದೆ. ಸ್ಕಾಟ್ಲಂಡದ ಅರಸು ಮನೆತನದ ಹೆಸರಾದ ಸ್ಟೂವರ್ಟ್ ಕೂಡ ಇಂಥದೇ. ಹನ್ನೆರಡನೆಯ ಶತಮಾನದಲ್ಲಿ ಆ ಮನೆತನಕ್ಕೆ ಅರಮನೆಯ ಮೇಲುಸ್ತುವಾರಿಯ ಹುದ್ದೆ ದೊರೆಯಿತು. ಅದು ವಂಶಪಾರಂಪರ್ಯವಾಗಿ, ಹುದ್ದೆಯ ಹೆಸರೇ ಮನೆತನದ ಹೆಸರಾಯಿತು. ೧೩೭೧ರಲ್ಲಿ ಆ ಮೇಲ್ವಿಚಾರಕರ ವಂಶದವನೇ ಸಿಂಹಾಸನವೇರಿದನು.

ಮೂರನೆಯದು ಕಸುಬಿನ ಮತ್ತು ವ್ಯಾಪಾರದ ಹೆಸರು. ಬಡಿಗೇರ, ಕಂಬಾರ, ಕುಂಬಾರ, ಪತ್ತಾರ, ಹೂಗಾರ, ಗಾಣಿಗೇರ, ಎಲಿಗಾರ, ನದಾಫ, ಅತ್ತಾರ ಇವು ಕಸುಬಿನವು. ಬೆಲ್ಲದ, ಮೆಣಸಿನಕಾಯಿ, ಉಳ್ಳಾಗಡ್ಡಿ, ಅಕ್ಕಿ, ಹತ್ತಿ ಇವು ಮಾರಿದ ಸರಕಿನಿಂದಲೋ ಬೆಳೆದ ಬೆಳೆಯಿಂದಲೋ ಬಂದವು. ನಮ್ಮ ವರ್ಗದ ಹಾಜರಿಯನ್ನು ಕೂಗುವಾಗ ಕೆಲವು ಸಲ ಸಂತೆಯ ಯಾದಿಯನ್ನೇ ಓದಿದಂತಾಗುತ್ತದೆ ಎಂದು ಗುರುಗಳೊಬ್ಬರು ನಗೆಯಾಡಿದ್ದುಂಟು. ಇದಕ್ಕೆ ಸರಿಯಾಗಿ ಸ್ಕಾಟ್ಲಂಡದಲ್ಲಿ ಮ್ಯಾಕ್‌ಇಂಟಾಯರ್ ಎಂದರೆ ಬಡಿಗನ ಮಗ, ಮ್ಯಾಕ್‌ಗೋವನ್ ಎಂದರೆ ಕಮ್ಮಾರನ ಮಗ, ಮ್ಯಾಕ್‌ಫರ್ಸನ್ ಎಂದರೆ ಪಾದ್ರಿಯ ಮಗ. ಕೊನೆಯದಕ್ಕೆ ನಮ್ಮ ಪೂಜಾರ, ಮಠದ, ಹಿರೇಮಠ ಎಂಬುವನ್ನು ಹೋಲಿಸಬಹುದು.

ನಾಲ್ಕನೆಯದು ಮೈಯ ಲಕ್ಷಣದಿಂದಲೋ ಮನೆಯ ಲಕ್ಷಣದಿಂದಲೋ ಬಂದುದು. ಗಡ್ಡದ, ಗಿಡ್ಡಗೌಡರ, ಕರಿಗೌಡರ ಒಂದು ಕಡೆ. ಬಾವಿಕಟ್ಟಿ, ಮೂಲಿಮನಿ, ಹೊಸಮನಿ ಇನ್ನೊಂದು ಕಡೆ. ಯಾವನೋ ಒಬ್ಬ ಅಜ್ಜ ಗಡ್ಡ ಬಿಟ್ಟಿದ್ದನೆಂಬ ಕಾರಣಕ್ಕೆ ನುಣ್ಣಗೆ ಕ್ಷೌರ ಮಾಡಿಕೊಂಡ ಮೊಮ್ಮಗನೂ ಗಡ್ಡದ ಎಂದೇ ಕರೆಸಿಕೊಳ್ಳುತ್ತಾನೆ. ಇದರಲ್ಲಿ ಯಾರೂ ನಾಚಬೇಕಾಗಿಲ್ಲ. ಸ್ಕಾಟ್ಲಂಡದ ಬಲಾಢ್ಯ ಮನೆತನವಾದ ಕ್ಯಾಂಪ್‌ಬೆಲ್ಲರ ಹೆಸರಿಗೆ ಅವರ ಭಾಷೆಯಲ್ಲಿ 'ಸೊಟ್ಟ ಬಾಯಿ' ಎಂದು ಅರ್ಥ!

ಹುದ್ದೆ ಹಳೆಯದು, ಅಡ್ಡಹೆಸರು ಹೊಸದು

ಇವು ಎಷ್ಟು ಹಳೆಯವು ಎಂಬ ಪ್ರಶ್ನೆಗೆ ಎರಡು ಉತ್ತರಗಳಿವೆ. ಶಬ್ದಗಳು ಬಹಳ ಹಳೆಯವು. ನಮ್ಮ ಬಾದಾಮಿಯ ಚಲುಕ್ಯರ ಕಾಲದ ಶಾಸನಗಳಲ್ಲಿಯೇ 'ಗಾಮುಂಡ'ರು ಕಾಣಸಿಗುತ್ತಾರೆ. ಅದೇ ಗಾವುಂಡ, ಗೌಂಡ ಎಂದು ಸವೆದು ಗೌಡ ಆಯಿತು. ಮುಂದಿನ ಕಾಲದ ಶಾಸನಗಳ 'ಸೇನಬೋವ'ನು ಶಾನುಭೋಗನಾಗಿ, ಶಾನಭಾಗನಾದನು. 'ಪೆರ್ಗಡೆ'ಯು ಹೆಗ್ಗಡೆಯಾಗಿ, ಹೆಗಡೆಯಾದನು. 'ಪಟ್ಟಕಿಲ' ಎಂಬುದು ಪಾಟೀಲ ಎಂದಾಯಿತು. ಪಟ್ಟದಕಲ್ಲಿನಲ್ಲಿ ರಾಣಿ ಲೋಕಮಹಾದೇವಿಯು ಕಟ್ಟಿಸಿದ ದೇವಾಲಯದ ಶಿಲ್ಪಿ ಗುಂಡನಿಗೆ ಅನಿವಾರಿತಾಚಾರಿ ಎಂಬ ಹೆಸರೂ ತ್ರಿಭುವನಾಚಾರಿ ಎಂಬ ಬಿರುದೂ ಇದ್ದವು. ಇಂದಿಗೂ ಕಮ್ಮಾರ, ಬಡಿಗ, ಪತ್ತಾರರ ಹೆಸರಿನ ತುದಿಗೆ ಬರುವ 'ಆಚಾರಿ'ಯ ಹಿರಿಯಣ್ಣ ಅಲ್ಲಿ ಕಲ್ಲಿನಲ್ಲಿ ಕುಳಿತಿದ್ದಾನೆ.

ಆದರೆ ಇವು ಆಗ ಅಡ್ಡಹೆಸರುಗಳಾಗಿರಲಿಲ್ಲ. ಗಾಮುಂಡ ಎಂದರೆ ಆ ಕೆಲಸ ಮಾಡುವವನು ಎಂದಷ್ಟೇ ಅರ್ಥ. ಹನ್ನೆರಡನೆಯ ಶತಮಾನದ ಶರಣರನ್ನು ನೋಡಿರಿ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಹಡಪದ ಅಪ್ಪಣ್ಣ, ಮಾದಾರ ಚೆನ್ನಯ್ಯ - ಇವರೆಲ್ಲರ ಹೆಸರಿನ ಮುಂದೆ ನಿಂತಿರುವದು ಅವರ ಕಾಯಕ ಅಥವಾ ಕುಲದ ಗುರುತು. ಮಾಚಯ್ಯನು ಬಟ್ಟೆ ತೊಳೆದನು, ಚಂದಯ್ಯನು ಹಗ್ಗ ಹೊಸೆದನು. ಅದಕ್ಕಾಗಿ ಆ ಹೆಸರುಗಳು. ಅವನ್ನು ಮರೆಮಾಚಬೇಕೆಂದು ಆ ಕಾಲದ ಶರಣರಿಗೆ ಅನ್ನಿಸಲಿಲ್ಲ. ಲೋಕವು ಕೀಳೆಂದ ಹೆಸರುಗಳನ್ನೇ ಹೊತ್ತು ಅವರು ವಚನಕಾರರ ಸಾಲಿನಲ್ಲಿ ಕುಳಿತರು. ಕೂಡಲಸಂಗಮವನ್ನು ನೆರೆಯಲ್ಲಿಯೇ ಇಟ್ಟುಕೊಂಡ ನಮ್ಮ ಹುನಗುಂದ-ಬಾದಾಮಿಯವರು ಇದನ್ನು ಮರೆಯಬಾರದು.

ಹಾಗಾದರೆ ಕೆಲಸದ ಹೆಸರು, ಕೆಲಸ ಬಿಟ್ಟವರ ಮಕ್ಕಳಿಗೂ ಅಂಟಿಕೊಂಡದ್ದು ಎಂದು? ಇದಕ್ಕೆ ಮುಖ್ಯ ಕಾರಣ ಬರವಣಿಗೆಯ ಪುಸ್ತಕಗಳು. ಇಲ್ಲಿ ಪುನಃ ಮನ್ರೋನ ನೆನಪು ಬರುತ್ತದೆ. ಮಧ್ಯದ ಜಮೀನುದಾರನನ್ನು ಬಿಟ್ಟು, ಒಬ್ಬೊಬ್ಬ ರೈತನಿಂದ ನೇರವಾಗಿ ಕಂದಾಯ ಪಡೆಯುವ ರೈತವಾರಿ ಪದ್ಧತಿಯನ್ನು ಮದ್ರಾಸ ಪ್ರಾಂತದಲ್ಲಿ ಬೆಳೆಸಿದವರಲ್ಲಿ ಆತನು ಪ್ರಮುಖನು. ಮುಂಬಯಿ ಪ್ರಾಂತವೂ ಆ ದಾರಿಯನ್ನೇ ಹಿಡಿಯಿತು. ೧೮೩೫ರ ಸುಮಾರಿಗೆ ಪುಣೆಯ ಕಡೆಗೆ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ಆರಂಭಿಸಿದ ಹೊಲಗಳ ಮೋಜಣಿ ಮುಂದಿನ ದಶಕಗಳಲ್ಲಿ ನಮ್ಮ ಸೀಮೆಗೂ ಬಂದಿತು. ಗೋಲ್ಡ್‌ಸ್ಮಿಡ್ ಎಂಬ ಹೆಸರಿನ ಅರ್ಥ ಅಕ್ಕಸಾಲಿಗ. ನಮ್ಮ ಭಾಷೆಯಲ್ಲಿ ಪತ್ತಾರ! ಅದಿರಲಿ. ಒಂದೊಂದು ಸರ್ವೆ ನಂಬರಿಗೆ ಒಬ್ಬೊಬ್ಬ ಖಾತೆದಾರನ ಹೆಸರು ಬರೆಯಬೇಕಾದಾಗ 'ಬಸಪ್ಪ' ಎಂದು ಬರೆದರೆ ಸಾಲದಾಯಿತು. ತಂದೆಯ ಹೆಸರು, ಮನೆಯ ಗುರುತು ಬೇಕಾದವು. ಬಾಯಲ್ಲಿದ್ದ ಮಾತು ಕಾಗದಕ್ಕೆ ಇಳಿಯಿತು; ಕಾಗದಕ್ಕೆ ಇಳಿದದ್ದು ಮಗನಿಗೂ ಮೊಮ್ಮಗನಿಗೂ ಹರಿಯಿತು.

ಆಮೇಲೆ ಸರಕಾರಿ ಶಾಲೆಗಳು ಬಂದವು. ಮಾಸ್ತರರು ದಾಖಲೆಯಲ್ಲಿ 'ಅಡ್ಡಹೆಸರು' ಎಂಬ ಅಂಕಣಕ್ಕೆ ಏನಾದರೂ ತುಂಬಲೇಬೇಕಾಯಿತು. ೧೮೮೪ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತದ ಗ್ಯಾಝೆಟಿಯರಿನ ವಿಜಾಪುರ ಸಂಪುಟವು ಒಂದೊಂದು ಸಮಾಜವನ್ನು ವರ್ಣಿಸುವಾಗ ಅವರ ಹೆಸರು, ಅಡ್ಡಹೆಸರುಗಳನ್ನು ಸಹ ಬರೆದುಕೊಂಡಿದೆ. ಕೆಲವರಿಗೆ ಅಡ್ಡಹೆಸರೇ ಇಲ್ಲವೆಂದೂ ಕಾಣಿಸಿದೆ. ಅಂದರೆ ಎಲ್ಲರಿಗೂ ಅಡ್ಡಹೆಸರು ಇರಬೇಕೆಂಬುದು ಆಗ ನಿಯಮವಾಗಿರಲಿಲ್ಲ. ಹಳೆಯ ಮೈಸೂರಿನ ಕಡೆಗೆ ಬೇರೆಯ ಪದ್ಧತಿ ಬೆಳೆಯಿತು. ಅಲ್ಲಿ ಊರಿನ ಮತ್ತು ತಂದೆಯ ಹೆಸರುಗಳ ಮೊದಲಕ್ಷರಗಳನ್ನು ಮುಂದೆ ಬರೆಯುತ್ತಾರೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರು ಕೆ. ವಿ. ಪುಟ್ಟಪ್ಪ ಎಂದಾದರು, ನಮ್ಮ ಕಡೆಯ ಪುಟ್ಟಪ್ಪನವರು ಪಾಟೀಲ ಪುಟ್ಟಪ್ಪ ಎಂದೇ ಪ್ರಸಿದ್ಧರಾದರು. ಒಂದೇ ಹೆಸರಿನ ಇಬ್ಬರು ಕನ್ನಡಿಗರಲ್ಲಿ ಎರಡು ರಾಜ್ಯಗಳ ದಫ್ತರದ ಪದ್ಧತಿಗಳು ಹೀಗೆ ಕಾಣುತ್ತವೆ.

ವಾಲಿಕಾರನ ಕಥೆ

ಈಗ ನನ್ನ ಹೆಸರಿನ ಕಡೆಗೆ ಬರುತ್ತೇನೆ. ವಾಲಿಕಾರ ಎಂಬುದು 'ಓಲೆಕಾರ' ಎಂಬುದರ ರೂಪ. ಓಲೆ ಎಂದರೆ ಪತ್ರ. ಅದನ್ನು ಒಯ್ಯುವವನು ಓಲೆಕಾರ. ಗೌಡರ ಚಾವಡಿಯಿಂದ ತಾಲೂಕಿನ ಕಚೇರಿಗೆ ಕಾಗದಪತ್ರ ಒಯ್ಯುವದು, ವಸೂಲಾದ ಕಂದಾಯದ ಜೊತೆಗೆ ಕಾವಲು ಹೋಗುವದು, ರೈತರನ್ನು ಚಾವಡಿಗೆ ಕರೆದು ತರುವದು, ಅಧಿಕಾರಿಗಳು ಬಂದರೆ ಅವರ ಸಾಮಾನು ಹೊರುವದು ಅವನ ಕೆಲಸ. ಪ್ರತಿಯಾಗಿ ಸುಗ್ಗಿಯಲ್ಲಿ ಕಣದಿಂದ ಕಾಳಿನ ಆಯವೂ, ಕೆಲವರಿಗೆ ತುಂಡು ಇನಾಮು ಹೊಲವೂ ಸಿಕ್ಕುತ್ತಿದ್ದವು. ೧೮೭೪ರ ಮುಂಬಯಿ ವಂಶಪಾರಂಪರ್ಯ ಹುದ್ದೆಗಳ ಕಾಯದೆಯು ಗೌಡ, ಕುಲಕರ್ಣಿಗಳ ವತನದಂತೆಯೇ ಇಂಥ ಕೆಳಗಿನ ಚಾಕರಿಯನ್ನೂ ವಂಶಕ್ಕೆ ಕಟ್ಟಿಹಾಕಿತು. ಮೇಲಿನವರಿಗೆ ಇದು ಮಾನವಾಯಿತು, ಕೆಳಗಿನವರಿಗೆ ಕೊರಳ ಕಟ್ಟಾಯಿತು. ಅಲ್ಪ ಪ್ರತಿಫಲಕ್ಕೆ ಹಗಲಿರುಳೆನ್ನದೆ, ಮನೆಯವರೆಲ್ಲರೂ ದುಡಿಯಬೇಕಾದ ಈ ಕೆಳಮಟ್ಟದ ವತನಗಳ ಅನ್ಯಾಯವನ್ನು ಸರಿಪಡಿಸಲು ಡಾ. ಅಂಬೇಡಕರರು ೧೯೨೮ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ತಿದ್ದುಪಡಿಯ ಮಸೂದೆಯನ್ನು ಮಂಡಿಸಿದರು.

ಸ್ವಾತಂತ್ರ್ಯದ ನಂತರ ೧೯೫೦ರ ಮುಂಬಯಿ ಕಾಯದೆಯಿಂದ ಪರಗಣೆ ಮತ್ತು ಕುಲಕರ್ಣಿ ವತನಗಳು ರದ್ದಾದವು. ೧೯೫೬ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, ೧೯೬೧ರ ಗ್ರಾಮ ಹುದ್ದೆಗಳ ರದ್ದತಿ ಕಾಯದೆಯು ಉಳಿದ ವಂಶಪಾರಂಪರ್ಯ ಹುದ್ದೆಗಳನ್ನೂ ಕೊನೆಗೊಳಿಸಿತು. ಅದು ೧೯೬೩ರಲ್ಲಿ ಜಾರಿಗೆ ಬಂದಿತು. ಅಂದಿನಿಂದ ಹುಟ್ಟಿನಿಂದ ಯಾರೂ ಕುಲಕರ್ಣಿಯಲ್ಲ, ಗೌಡನಲ್ಲ, ತಳವಾರನಲ್ಲ, ವಾಲಿಕಾರನಲ್ಲ. ಹುದ್ದೆ ಹೋಯಿತು, ಹೆಸರು ಮಾತ್ರ ಉಳಿಯಿತು. ನಮ್ಮ ಅಡ್ಡಹೆಸರುಗಳ ಚರಿತ್ರೆಯನ್ನು ಒಂದೇ ವಾಕ್ಯದಲ್ಲಿ ಹೇಳು ಎಂದರೆ ನಾನು ಇದನ್ನೇ ಹೇಳುವೆನು.

ನಮ್ಮ ಮುತ್ತಜ್ಜ ಚೊಳಚಗುಡ್ಡದಿಂದ ಬಾದಾಮಿಯ ಕಚೇರಿಗೆ ಒಂದು ಹರದಾರಿ ದಾರಿಯನ್ನು ನಡೆದು ಎಷ್ಟೋ ಕಾಗದಗಳನ್ನು ಮುಟ್ಟಿಸಿದನಂತೆ. ಅಜ್ಜ ಇದನ್ನು ಹೇಳುವಾಗ ಒಂದು ಮಾತನ್ನು ಕೂಡಿಸುತ್ತಾನೆ: ಅವುಗಳಲ್ಲಿ ಒಂದನ್ನಾದರೂ ಓದಲು ಮುತ್ತಜ್ಜನಿಗೆ ಬರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಪದವಿಯವರೆಗೆ ಬಂದವನು ನಾನೇ ಮೊದಲಿಗ. ಓಲೆಯನ್ನು ಒಯ್ದ ಮನೆಯಲ್ಲಿ ಓಲೆಯನ್ನು ಓದುವವನು ಬಂದಂತಾಯಿತು.

ಹೆಸರು ಎಲ್ಲಿ ಸುಳ್ಳು ಹೇಳುತ್ತದೆ

ಅಡ್ಡಹೆಸರಿನಿಂದ ಎಲ್ಲವನ್ನೂ ಊಹಿಸಬಲ್ಲೆವೆಂದು ತಿಳಿಯುವವರು ಬಹಳ. ಹೆಸರು ಹೇಳಿದ ಕೂಡಲೆ ಜಾತಿ, ಅಂತಸ್ತು, ಯೋಗ್ಯತೆ ಎಲ್ಲವನ್ನೂ ಅಳೆದುಬಿಡುತ್ತಾರೆ. ರಜೆಯಲ್ಲಿ ಕೆಲಸ ಕೇಳಲು ಒಂದು ಕಡೆ ಹೋದಾಗ, ಮೊದಲು 'ನೀವು' ಎಂದವರು ನನ್ನ ಅಡ್ಡಹೆಸರು ಕೇಳಿದ ಮೇಲೆ 'ನೀನು' ಎಂದರು. ನನ್ನ ಅಂಕಪಟ್ಟಿ ಇನ್ನೂ ಅವರ ಕೈಯಲ್ಲಿಯೇ ಇದ್ದಿತು! ಇಂಥವರ ಲೆಕ್ಕ ಎಷ್ಟು ತಪ್ಪೆಂಬುದನ್ನು 'ಪಾಟೀಲ' ಎಂಬ ಒಂದೇ ಹೆಸರು ತೋರಿಸಿಕೊಡುತ್ತದೆ. ಲಿಂಗಾಯತರಲ್ಲಿ, ಜೈನರಲ್ಲಿ, ಮರಾಠರಲ್ಲಿ, ಬ್ರಾಹ್ಮಣರಲ್ಲಿ, ಮುಸಲ್ಮಾನರಲ್ಲಿ ಎಲ್ಲ ಕಡೆಯೂ ಪಾಟೀಲರಿದ್ದಾರೆ. ಯಾರು ಆ ಊರಿನ ಪಟೇಲಿಕೆ ನಡೆಸಿದರೋ ಅವರು ಪಾಟೀಲರು. ವಾಲಿಕಾರ ಎಂಬುದೂ ಒಂದೇ ಜಾತಿಯ ಸ್ವತ್ತಲ್ಲ.

ಊರಿನ ಹೆಸರೂ ಮೋಸ ಮಾಡಬಲ್ಲದು. ನಮ್ಮ ಕಡೆಯ 'ಬೇಲೂರ' ಮನೆತನದವರು ಹಾಸನದ ಬೇಲೂರಿನಿಂದ ಬಂದವರೆಂದು ಅವಸರದಿಂದ ಹೇಳಕೂಡದು. ನಮ್ಮ ಬಾದಾಮಿ ತಾಲೂಕಿನಲ್ಲಿಯೇ ಒಂದು ಬೇಲೂರು ಇದೆ. ಮೆಣಸಗಿ ಎಂಬುದಕ್ಕೂ ಮೆಣಸಿನಕಾಯಿಯ ವ್ಯಾಪಾರಕ್ಕೂ ಸಂಬಂಧ ಕಲ್ಪಿಸಬೇಕಾಗಿಲ್ಲ; ಅದು ಮಲಪ್ರಭೆಯ ಸೀಮೆಯ ಒಂದು ಊರು. ಬಾದಾಮಿ ಎಂಬ ಹೆಸರಿನವರಿಗೆ ಬಾದಾಮಿ ಬೀಜದ ಅಂಗಡಿ ಇದ್ದಿತೆಂದು ಯಾರೂ ಹೇಳಲಾರರಷ್ಟೆ.

ವಂಶವನ್ನು ನೆನಪಿಡುವ ಕೆಲಸವನ್ನು ನಮ್ಮ ಜನರು ಅಡ್ಡಹೆಸರಿಗೆ ಒಪ್ಪಿಸಲೇ ಇಲ್ಲ. ಅದಕ್ಕೆ ಬೇರೆಯೇ ಏರ್ಪಾಡು ಇದೆ. ನಮ್ಮ ಕಡೆಯ ಹಲವು ಸಮಾಜಗಳಲ್ಲಿ 'ಬೆಡಗು' ಎಂಬುದುಂಟು, ಕರಾವಳಿಯ ಕಡೆಗೆ 'ಬಳಿ' ಎನ್ನುತ್ತಾರೆ, ಬ್ರಾಹ್ಮಣರಲ್ಲಿ ಗೋತ್ರ. ಒಂದೇ ಬೆಡಗಿನವರು ಅಣ್ಣತಮ್ಮಂದಿರೆಂದು ಎಣಿಕೆ. ಅವರಲ್ಲಿ ಹೆಣ್ಣು-ಗಂಡು ಕೊಟ್ಟುತರುವಂತಿಲ್ಲ. ಆದರೆ ಒಂದೇ ಅಡ್ಡಹೆಸರಿನವರಲ್ಲಿ, ಬೆಡಗು ಬೇರೆಯಾಗಿದ್ದರೆ, ಬೀಗತನ ನಡೆಯಬಹುದು. ಆದ್ದರಿಂದ ಒಂದೇ ಮೂಲಪುರುಷನ ಮಕ್ಕಳೆಂಬ ನಂಬಿಕೆಯಲ್ಲಿ ಸ್ಕಾಟ್ಲಂಡದ ಕ್ಲಾನಿಗೆ ಸಮೀಪವಾದುದು ನಮ್ಮ ಬೆಡಗು, ಅಡ್ಡಹೆಸರಲ್ಲ. ಮನೆದೇವರು ಇನ್ನೊಂದು ಗುರುತು. ಪ್ರತಿವರ್ಷ ಬನದ ಹುಣ್ಣಿಮೆಗೆ ಚೊಳಚಗುಡ್ಡದ ಬನಶಂಕರಿಯ ಜಾತ್ರೆಗೆ ಬರುವವರನ್ನು ನೋಡಬೇಕು. ಮಹಾರಾಷ್ಟ್ರದಿಂದಲೂ ಕುಟುಂಬಗಳು ಬರುತ್ತವೆ. ಕೆಲವರಿಗೆ ಕನ್ನಡ ಬಾರದು, ಅಡ್ಡಹೆಸರು ಮರಾಠಿಯದು; ಆದರೂ ಕುಲದೇವಿ ಯಾರೆಂದರೆ ಬನಶಂಕರಿ ಎನ್ನುತ್ತಾರೆ. ಹೆಸರು ಬದಲಾಯಿತು, ಭಾಷೆ ಬದಲಾಯಿತು, ಮನೆದೇವರು ಬದಲಾಗಲಿಲ್ಲ.

ಬದಲಿಸಬೇಕೆ?

ಇಷ್ಟಾದ ಮೇಲೆ ನಮ್ಮ ವರ್ಗದ ಚರ್ಚೆಗೆ ಉತ್ತರ ಕೊಡಬೇಕು. ಅಡ್ಡಹೆಸರನ್ನು ಬದಲಿಸುವದು ಪಾಪವಲ್ಲ. ಡಾ. ಅಂಬೇಡಕರರ ಮನೆತನದ ಹೆಸರು ಮೊದಲು ಸಕಪಾಳ ಎಂದಿದ್ದಿತು. ಅಂಬಡವೆ ಎಂಬ ಊರಿನಿಂದ ಅಂಬಡವೇಕರ ಎಂದಾಗಿ, ಶಾಲೆಯ ದಿನಗಳಲ್ಲಿಯೇ ಅಂಬೇಡಕರ ಎಂದು ನಿಂತಿತು. ನಮ್ಮಲ್ಲಿ ಹೆಣ್ಣುಮಕ್ಕಳಂತೂ ಮದುವೆಯಾದ ದಿನವೇ ಅಡ್ಡಹೆಸರನ್ನು ಬದಲಿಸಿಕೊಳ್ಳುತ್ತಾರೆ. ಅದನ್ನು ಯಾರೂ ಚರ್ಚೆಗೆ ಎತ್ತಿಕೊಳ್ಳುವದಿಲ್ಲ. ಹಿಂದಿನ ಸ್ಕಾಟ್ಲಂಡದಲ್ಲಿ ಮದುವೆಯ ನಂತರವೂ ಹೆಂಗಸರು ತವರಿನ ಹೆಸರನ್ನೇ ಉಳಿಸಿಕೊಳ್ಳುವ ರೂಢಿಯಿದ್ದಿತು ಎಂಬುದನ್ನು ನಮ್ಮ ಸಹಪಾಠಿನಿಯರು ಗಮನಿಸಬಹುದು.

ಆದರೆ ಬದಲಿಸುವದು ಬೇರೆ, ಬದಲಿಸುವಂತೆ ಮಾಡುವದು ಬೇರೆ. ಸ್ಕಾಟ್ಲಂಡದಲ್ಲಿ ಮ್ಯಾಕ್‌ಗ್ರೆಗರ್ ಎಂಬ ಮನೆತನವು ಅರಸನ ಕೋಪಕ್ಕೆ ಗುರಿಯಾದಾಗ, ೧೬೦೩ರಲ್ಲಿ ಆ ಹೆಸರನ್ನೇ ನಿಷೇಧಿಸಲಾಯಿತು, ಇಟ್ಟುಕೊಂಡರೆ ಮರಣದಂಡನೆ. ನಡುವೆ ಕೆಲಕಾಲ ಸಡಿಲಾದರೂ ಆ ನಿಷೇಧ ಕೊನೆಗೆ ರದ್ದಾದದ್ದು ೧೭೭೪ರಲ್ಲಿ. ಪ್ರಸಿದ್ಧನಾದ ರಾಬ್ ರಾಯ್ ಸಹ ತಾಯಿಯ ಮನೆಯ ಕ್ಯಾಂಪ್‌ಬೆಲ್ ಎಂಬ ಹೆಸರಿನಿಂದ ವ್ಯವಹರಿಸಬೇಕಾಯಿತು. ನಿಷೇಧ ತೆಗೆದ ಮೇಲೆ ಎಷ್ಟೋ ಜನ ಹಳೆಯ ಹೆಸರಿಗೆ ಮರಳಿದರು. ಅಲ್ಲಿ ಅರಸನ ಆಜ್ಞೆಯಿಂದ ಆದುದು ಇಲ್ಲಿ ನಾಲ್ಕು ಜನರ ನೋಟದಿಂದ ಆಗುತ್ತಿದ್ದರೆ, ತಪ್ಪು ಹೆಸರಿನದಲ್ಲ, ನೋಟದ್ದು. ನೋಟ ಹಾಗೆಯೇ ಉಳಿದರೆ ಹೊಸ ಹೆಸರಿನ ಬೆನ್ನು ಹತ್ತಿ 'ಮೊದಲೇನಿತ್ತು?' ಎಂದು ಕೇಳುವವರು ಇದ್ದೇ ಇರುತ್ತಾರೆ.

ಆದ್ದರಿಂದ ಅವಮಾನವನ್ನು ತಾಳಲಾರದೆ ಹೆಸರು ಬದಲಿಸಿದ ಮಿತ್ರನನ್ನು ನಾನು ದೂರುವದಿಲ್ಲ. ಅದು ಅವನ ಹಕ್ಕು. ನಾನು ಮಾತ್ರ ವಾಲಿಕಾರ ಎಂದೇ ಬರೆದುಕೊಟ್ಟಿದ್ದೇನೆ. ಚಂದ್ರಶೇಖರ ಕಂಬಾರರು ಕಸುಬಿನ ಹೆಸರನ್ನು ಹೊತ್ತುಕೊಂಡೇ ೨೦೧೦ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯನ್ನು ಪಡೆದರು. ಇಂದು ಕಂಬಾರ ಎಂದರೆ ಕುಲುಮೆಗಿಂತ ಮೊದಲು ಕಾವ್ಯ ನೆನಪಾಗುತ್ತದೆ. ಶಬ್ದದ ಅರ್ಥವನ್ನು ನಿಘಂಟು ಮಾಡುವದಿಲ್ಲ, ಅದನ್ನು ಹೊತ್ತವರ ಬಾಳು ಮಾಡುತ್ತದೆ.

ಕೊನೆಗೆ ಮಿತ್ರರಲ್ಲಿ ಒಂದು ವಿನಂತಿ. ರಜೆಯಲ್ಲಿ ಊರಿಗೆ ಹೋದಾಗ ನಿಮ್ಮ ಓಣಿಯ ಅಡ್ಡಹೆಸರುಗಳನ್ನು ಒಂದು ವಹಿಯಲ್ಲಿ ಬರೆದುಕೊಳ್ಳಿರಿ. ಅವು ಹೇಗೆ ಬಂದವೆಂದು ಹಿರಿಯರನ್ನು, ಮುಖ್ಯವಾಗಿ ಅಜ್ಜಿಯಂದಿರನ್ನು ಕೇಳಿರಿ. ಎರಡು ಮನೆಗಳ ಹೆಸರನ್ನು ಬಲ್ಲವರು ಅವರೇ. ನೀರಾವರಿಗೆ, ಕೂಲಿಗೆ, ನೌಕರಿಗೆಂದು ಊರುಗಳು ಬರಿದಾಗುತ್ತಿವೆ. ಹೇಳಬಲ್ಲವರು ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಬಾದಾಮಿಯ ಬಂಡೆಗಲ್ಲಿನ ಶಾಸನಗಳನ್ನು ಕಾಯಲು ಸರಕಾರದ ಇಲಾಖೆಯಿದೆ. ಹಾಜರಿ ಪುಸ್ತಕದಲ್ಲಿರುವ ಈ ಶಾಸನಗಳನ್ನು ಓದಿ ಇಡುವವರು ನಾವೇ ಆಗಬೇಕು.